“ಹೊರಕಡೆಗೆ ಹೋಗಿ ಎಷ್ಟು ದಿನ ಆಯ್ತು?”

ಕ್ಯಾನ್ಸರ್ ರೋಗಿಗಳನ್ನು ಮನೆಯಲ್ಲಿ ನೋಡಿಕೊಳ್ಳುವವರಿಗಾಗಿ ಶಿರಸಿಯಲ್ಲಿ ನಡೆದ ಸಭೆಯೊಂದರಲ್ಲಿ ವೈದ್ಯರೊಬ್ಬರು ಆಡಿದ ಮಾತು. ಧ್ವನಿಮುದ್ರಣದಿಂದ ಬರೆದುಕೊಂಡದ್ದು.

ಕೆಲವು ವರ್ಷಗಳ ಹಿಂದೆ ಒಬ್ಬ ಹೆಂಗಸು ನನ್ನ ಟೇಬಲ್ಲಿನ ಮೇಲೆ ಹಾಲಿನ ಲೆಕ್ಕದ ಪುಸ್ತಕ ತಂದಿಟ್ಟರು. ಸ್ಕ್ಯಾನಿಂಗ್, ರಕ್ತದ ರಿಪೋರ್ಟು ಎಲ್ಲ ಚೀಲದಲ್ಲೇ ಇತ್ತು, ಅದನ್ನು ತೆಗೆಯಲಿಲ್ಲ. “ಇದನ್ನ ಮೊದಲು ನೋಡಿ” ಅಂದರು. ಗಂಡ ಪಕ್ಕದಲ್ಲೇ ಕೂತಿದ್ದರು. ಸಿದ್ದಾಪುರದ ಕಡೆಯ ತೋಟದವರು. ಹಳೆಯ ಹೆಪಟೈಟಿಸ್ ಬಿ, ಅದರಿಂದ ಸಿರೋಸಿಸ್, ಅಂದರೆ ಲಿವರ್ ಗಟ್ಟಿಯಾಗಿ ಗಂಟುಗಂಟಾಗುವುದು, ಅದರ ಮೇಲೆ ಲಿವರ್ ಕ್ಯಾನ್ಸರ್. ನಾನು ಅವರನ್ನು ಮಾತಾಡಿಸಿದೆ. ಚೆನ್ನಾಗಿಯೇ ಮಾತಾಡಿದರು. ಅಡಿಕೆ ದರ ಹೇಳಿದರು, ಕೊಳೆರೋಗಕ್ಕೆ ಈ ಸಲ ಮೂರು ಬಾರಿ ಬೋರ್ಡೋ ಹೊಡೆಸಿದ್ದೇನೆ ಅಂದರು. ನನಗೇನೂ ತಪ್ಪು ಕಾಣಲಿಲ್ಲ.

ಪುಸ್ತಕ ತೆರೆದೆ. ತಾರೀಖು, ಬೆಳಿಗ್ಗೆ ಇಷ್ಟು ಲೀಟರ್, ಸಂಜೆ ಇಷ್ಟು. ಎರಡು ತಿಂಗಳು ಮುತ್ತು ಪೋಣಿಸಿದ ಹಾಗೆ ಅಕ್ಷರ. ಕೊನೆಯ ಎರಡು ಪುಟದಲ್ಲಿ ಅಂಕಿ ದೊಡ್ಡದಾಗುತ್ತಾ ಹೋಗಿದೆ, ಸಾಲು ಬಲಗಡೆಗೆ ಜಾರಿದೆ. ಒಂದೇ ತಾರೀಖು ಎರಡು ಸಲ ಬಂದಿದೆ. 4 ಬರೆಯಲು ಹೋಗಿ ನಡುವೆ ನಿಂತಿದೆ. ವಾರದ ಮೊತ್ತ ತಪ್ಪು. ಆ ತಾಯಿ ಹೇಳಿದ್ದು ಒಂದೇ ಮಾತು: “ಇವ್ರ ಲೆಕ್ಕ ಇಷ್ಟು ವರ್ಷದಲ್ಲಿ ಒಂದ್ಸಲವೂ ತಪ್ಪಿದ್ದಿಲ್ಲೆ.”

ಹದಿನೈದು ನಿಮಿಷ ಎದುರಿಗೆ ಕೂತ ನನಗೆ ಕಾಣದ್ದು ಅವರಿಗೆ ಕಂಡಿತ್ತು. ಇವತ್ತು ನಿಮ್ಮ ಮುಂದೆ ನಿಂತು ಮಾತಾಡಲು ಒಪ್ಪಿಕೊಂಡದ್ದೂ ಅದಕ್ಕೇ. ಲಿವರ್ ಸೋತಾಗ ತಲೆಗೆ ಮಂಪರು ಕವಿಯುವ ಈ ತೊಂದರೆಯನ್ನು ಮೊದಲು ಹಿಡಿಯುವವರು ಮನೆಯವರು.

ನಮ್ಮಲ್ಲಿ ಕ್ಯಾನ್ಸರ್ ಇರುವ ಮನುಷ್ಯ ಸ್ವಲ್ಪ ತಪ್ಪಿ ಮಾತಾಡಿದರೆ ಸಾಕು, ಮನೆಯವರು ನನ್ನನ್ನು ಬಾಗಿಲ ಹೊರಗೆ ಕರೆದುಕೊಂಡು ಹೋಗಿ ಪಿಸುಗುಡುತ್ತಾರೆ, “ತಲೆಗೆ ಏರಿತಲ್ಲ ಡಾಕ್ಟ್ರೇ?” ವಯಸ್ಸಾದವರಾದರೆ ಅರಳುಮರಳು ಅನ್ನುತ್ತಾರೆ. ರಾತ್ರಿ ಎದ್ದು ಬಡಬಡಿಸಿದರೆ ನೋಡಿಸಲಿಕ್ಕೆ ಬೇರೆ ಕಡೆಯೇ ಹೋಗುತ್ತಾರೆ. ನಾನು ಕೇಳುವ ಮೊದಲ ಪ್ರಶ್ನೆ ಅವರಿಗೆ ಸಂಬಂಧವೇ ಇಲ್ಲದ್ದು ಅನ್ನಿಸುತ್ತದೆ. “ಹೊರಕಡೆಗೆ ಹೋಗಿ ಎಷ್ಟು ದಿನ ಆಯ್ತು?” ಅಂದರೆ, ಮಲ ಹೋಗಿ ಎಷ್ಟು ದಿನ ಅಂತ. ಒಬ್ಬರಂತೂ ಸಿಟ್ಟಾಗಿದ್ದರು, ತಲೆ ಕೆಟ್ಟಿದೆ ಅಂತ ಕರಕೊಂಡು ಬಂದರೆ ಇವರು ಹೊಟ್ಟೆ ವಿಚಾರಿಸುತ್ತಾರಲ್ಲ ಅಂತ.

ಸಂಬಂಧ ಏನು ಅಂತ ಹೇಳುತ್ತೇನೆ. ಇಲ್ಲಿ ಕೊಟ್ಟಿಗೆ ಇರುವ ಮನೆಯವರು ಕೈ ಎತ್ತಿ. ಅರ್ಧಕ್ಕಿಂತ ಹೆಚ್ಚೇ ಇದ್ದೀರಿ. ಮಳೆಗಾಲದಲ್ಲಿ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಮೂಗಿಗೆ ಹೊಡೆಯುವ, ಕಣ್ಣು ಉರಿಸುವ ವಾಸನೆ ಉಂಟಲ್ಲ, ಅದು ಅಮೋನಿಯಾ. ದನದ ಗಂಜಲದಲ್ಲಿ ಯೂರಿಯಾ ಇರುತ್ತದೆ, ನೆಲದ ಬ್ಯಾಕ್ಟೀರಿಯಾ ಅದನ್ನು ಒಡೆದು ಅಮೋನಿಯಾ ಮಾಡುತ್ತವೆ. ಇದೇ ಕೆಲಸ ನಮ್ಮ ಕರುಳಿನಲ್ಲೂ ಹಗಲು ರಾತ್ರಿ ನಡೆಯುತ್ತದೆ. ಉಂಡ ಬೇಳೆ, ಮೀನು, ಹಾಲು ಎಲ್ಲದರ ಪ್ರೋಟೀನಿನಿಂದ ಸ್ವಲ್ಪ, ಕರುಳಿಗೆ ಸೋರಿ ಬರುವ ಯೂರಿಯಾದಿಂದ ಸ್ವಲ್ಪ, ಕರುಳಿನ ಗೋಡೆಯೇ ಮಾಡುವುದು ಸ್ವಲ್ಪ. ಹೊಟ್ಟೆಯೊಳಗೆ ಒಂದು ಕೊಟ್ಟಿಗೆ ಇದೆ ಅಂದುಕೊಳ್ಳಿ.

ಆ ಅಮೋನಿಯಾ ಎಲ್ಲ ಪೋರ್ಟಲ್ ರಕ್ತನಾಳದಲ್ಲಿ ನೇರ ಲಿವರಿಗೆ ಹೋಗುತ್ತದೆ. ಲಿವರ್ ಅದನ್ನು ಮತ್ತೆ ಯೂರಿಯಾ ಮಾಡಿ ಮೂತ್ರಕ್ಕೆ ಕಳಿಸುತ್ತದೆ. ಅಡಿಕೆ ಮರದ ಬುಡಕ್ಕೆ ಹಾಕುವ ಚೀಲದಲ್ಲಿರುವ ಯೂರಿಯಾವೂ ಇದೇ ವಸ್ತು. ದೊಡ್ಡವರೊಬ್ಬರ ಮೂತ್ರದಲ್ಲಿ ದಿನಕ್ಕೆ ಸುಮಾರು 20ರಿಂದ 30 ಗ್ರಾಂ ಹೋಗುತ್ತದೆ. ಲಿವರ್ ಇದನ್ನು ಹೇಗೆ ಮಾಡುತ್ತದೆ ಅಂತ ಜರ್ಮನಿಯಲ್ಲಿ ಕ್ರೆಬ್ಸ್ ಮತ್ತು ಹೆನ್ಸೆಲೈಟ್ ಅನ್ನುವ ಇಬ್ಬರು ಕಂಡುಹಿಡಿದದ್ದು 1932ರಲ್ಲಿ.

ಲಿವರ್ ಗಟ್ಟಿಯಾಗಿ ಗಂಟುಗಂಟಾದರೆ ಎರಡು ಅನಾಹುತ. ಕೆಲಸ ಮಾಡುವ ಜೀವಕೋಶಗಳೇ ಕಡಿಮೆಯಾಗುತ್ತವೆ, ಅದೊಂದು. ಇನ್ನೊಂದು, ದಾರಿ ಕಟ್ಟಿಕೊಳ್ಳುತ್ತದೆ. ತೋಟದ ಕಾದಿಗೆಯಲ್ಲಿ ಸೋಗೆ ಬಿದ್ದು ಕಟ್ಟಿಕೊಂಡರೆ ನೀರು ನಿಲ್ಲುತ್ತದೆಯೇ? ಪಕ್ಕದ ಮಣ್ಣು ಕೊರೆದು ಬೇರೆ ದಾರಿ ಮಾಡಿಕೊಳ್ಳುತ್ತದೆ. ರಕ್ತವೂ ಹಾಗೆಯೇ ಲಿವರನ್ನು ತಪ್ಪಿಸಿ ಅಡ್ಡದಾರಿಯಲ್ಲಿ ಹೃದಯಕ್ಕೆ, ಅಲ್ಲಿಂದ ಮಿದುಳಿಗೆ ಹೋಗುತ್ತದೆ, ತೊಳೆಯದ ಅಮೋನಿಯಾ ಹೊತ್ತುಕೊಂಡೇ. ಮಿದುಳಿನಲ್ಲಿ ಆಸ್ಟ್ರೋಸೈಟ್ ಅಂತ ಒಂದು ಬಗೆಯ ಜೀವಕೋಶ ಇದೆ. ಅದು ಅಮೋನಿಯಾವನ್ನು ಹಿಡಿದು ಗ್ಲುಟಮಿನ್ ಮಾಡಿ ಇಟ್ಟುಕೊಳ್ಳುತ್ತದೆ, ಅದರ ಜೊತೆ ನೀರನ್ನೂ ಎಳೆದುಕೊಂಡು ಊದಿಕೊಳ್ಳುತ್ತದೆ. ಮನುಷ್ಯನ ಲೆಕ್ಕ ತಪ್ಪುವುದು ಅಲ್ಲಿಂದ ಶುರು. ನಮ್ಮ ಭಾಷೆಯಲ್ಲಿ ಇದಕ್ಕೆ ಹೆಪಾಟಿಕ್ ಎನ್ಸೆಫಲೋಪಥಿ ಅನ್ನುತ್ತೇವೆ. ನೀವು ಲಿವರಿನ ಮಂಪರು ಅಂದರೂ ಅಡ್ಡಿಲ್ಲೆ.

ಎಲ್ಲ ಕ್ಯಾನ್ಸರಿನಲ್ಲೂ ಇದು ಬರುವುದಿಲ್ಲ. ಲಿವರಿನಲ್ಲೇ ಹುಟ್ಟುವ ಕ್ಯಾನ್ಸರ್ ಹೆಚ್ಚಾಗಿ ಮೊದಲೇ ಸಿರೋಸಿಸ್ ಆದ ಲಿವರಿನಲ್ಲಿ ಹುಟ್ಟುವುದರಿಂದ ಅವರಲ್ಲಿ ಭಯ ಜಾಸ್ತಿ. ಗಡ್ಡೆ ಪೋರ್ಟಲ್ ರಕ್ತನಾಳದೊಳಗೆ ಬೆಳೆದು ಅಥವಾ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿದರೆ ಇನ್ನೂ ಹೆಚ್ಚು. ಕರುಳು, ಸ್ತನ, ಶ್ವಾಸಕೋಶದಿಂದ ಲಿವರಿಗೆ ಹರಡಿದ ಗಡ್ಡೆಗಳಲ್ಲಿ ಇದು ಅಷ್ಟು ಬೇಗ ಬರುವುದಿಲ್ಲ, ಉಳಿದ ಲಿವರ್ ಬಹಳ ದಿನ ತಡೆದುಕೊಳ್ಳುತ್ತದೆ. ಗಡ್ಡೆ ಲಿವರಿನ ತುಂಬ ಹಬ್ಬಿದ ಮೇಲೆ ಬರಬಹುದು. ಕೆಲವು ಕಿಮೋ ಔಷಧಿಗಳು ಲಿವರಿಗೆ ಹೊಡೆತ ಕೊಡುತ್ತವೆ. ಫ್ಲೂರೋಯುರಾಸಿಲ್ ಅನ್ನುವ ಒಂದಂತೂ, ಅಪರೂಪಕ್ಕೆ, ಲಿವರ್ ಸರಿ ಇದ್ದವರಲ್ಲೂ ಅಮೋನಿಯಾ ಏರಿಸಿ ಮಂಪರು ತರಿಸುತ್ತದೆ.

ಹೆಪಟೈಟಿಸ್ ಬಿ ಬಗ್ಗೆ ಒಂದು ಮಾತು, ಇದು ಬರೆದುಕೊಂಡು ಬಂದದ್ದರಲ್ಲಿ ಇಲ್ಲ. ಈ ವೈರಸ್ಸು ದೇಹದಲ್ಲಿ ವರ್ಷಗಟ್ಟಲೆ ಸುಮ್ಮನೆ ಮಲಗಿರುತ್ತದೆ. ಕಿಮೋ, ಅದರಲ್ಲೂ ಲಿಂಫೋಮಾ ಅನ್ನುವ ಕ್ಯಾನ್ಸರಿಗೆ ಕೊಡುವ ರಿಟುಕ್ಸಿಮ್ಯಾಬ್, ದೇಹದ ಕಾವಲು ಇಳಿಸಿದಾಗ ಎದ್ದು ಕೂರುತ್ತದೆ. ಲಿವರ್ ಕೆಲವೇ ವಾರದಲ್ಲಿ ಸೋತುಹೋಗಬಹುದು. ಕಿಮೋ ಶುರು ಮಾಡುವ ಮೊದಲು ರಕ್ತ ಪರೀಕ್ಷೆ ಮಾಡಿಸಿ, ಇದ್ದರೆ ಎಂಟೆಕಾವಿರ್ ಅಥವಾ ಟೆನೊಫೊವಿರ್ ಮಾತ್ರೆ ಕೊಟ್ಟರೆ ಇದನ್ನು ತಡೆಯಬಹುದು. “ಹೆಪಟೈಟಿಸ್ ಬಿ ನೋಡಿದ್ದೀರಾ?” ಅಂತ ನಿಮ್ಮ ಡಾಕ್ಟರನ್ನು ಕೇಳಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೆ ಮಾಡಿಕೊಳ್ಳಲಿ.

ಈಗ ಎಲ್ಲರೂ ಎರಡೂ ಕೈ ಮುಂದೆ ಚಾಚಿ. ಬೆರಳು ಅಗಲಿಸಿ, ಮುಂಗೈ ಹಿಂದಕ್ಕೆ ಬಗ್ಗಿಸಿ, ಎದುರಿಗೆ ಬರುವ ಬಸ್ಸನ್ನು ನಿಲ್ಲಿಸುವ ಹಾಗೆ. ಹಾಗೇ ಹಿಡಿದುಕೊಳ್ಳಿ, ಅರ್ಧ ನಿಮಿಷ. ಈ ಮಂಪರು ಇರುವವರ ಕೈ ಹೀಗೆ ನಿಲ್ಲುವುದಿಲ್ಲ. ಫಕ್ಕನೆ ಬೀಳುತ್ತದೆ, ಮತ್ತೆ ಏಳುತ್ತದೆ. ಗಾಳಿಗೆ ಅಡಿಕೆ ಸೋಗೆ ಬಗ್ಗಿ ಏಳುತ್ತದಲ್ಲ, ಅಂಥದ್ದು. ಆಡಮ್ಸ್ ಮತ್ತು ಫೋಲಿ ಅನ್ನುವ ಇಬ್ಬರು ವೈದ್ಯರು 1949ರಲ್ಲಿ ಇದನ್ನು ವಿವರಿಸಿದರು, ಆಸ್ಟೆರಿಕ್ಸಿಸ್ ಅಂತ ಹೆಸರು. ಬೇರೆ ಕೆಲವು ಕಾಯಿಲೆಯಲ್ಲೂ ಬರುತ್ತದೆ, ಕಿಡ್ನಿ ಕೈಕೊಟ್ಟಾಗಲೂ ಬರುತ್ತದೆ. ಸಾಕು, ಕೈ ಇಳಿಸಿ.

ಕೈ ನಡುಗುವ ಹೊತ್ತಿಗೆ ತೊಂದರೆ ಎರಡನೆಯ ಹಂತಕ್ಕೆ ಬಂದಿರುತ್ತದೆ. ನಾಲ್ಕನೆಯದು ಕೋಮಾ. ನೀವು ಹಿಡಿಯಬೇಕಾದದ್ದು ಮೊದಲನೆಯದನ್ನು. ಅದರ ಗುರುತು ನಿದ್ರೆ ತಿರುಗುಮುರುಗಾಗುವುದು. ಹಗಲೆಲ್ಲ ಮಂಚದ ಮೇಲೆ ತೂಕಡಿಕೆ, ರಾತ್ರಿ ಎರಡು ಗಂಟೆಗೆ ಜಗಲಿಯ ಮೇಲೆ ಕೂತು ಕವಳದ ಬಟ್ಟಲು ಹುಡುಕುವುದು. ಸೌಮ್ಯ ಮನುಷ್ಯ ಸಿಡುಕುತ್ತಾನೆ, ಸಿಡುಕಿನವನು ಸುಮ್ಮಸುಮ್ಮನೆ ನಗುತ್ತಾನೆ. ಅಂಗಿ ಗುಂಡಿ ಒಂದು ಮನೆ ತಪ್ಪಿರುತ್ತದೆ. ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳುತ್ತಾರೆ ಅಂತ ಕೇಳುವ ಪರೀಕ್ಷೆ ಒಂದಿದೆ, ನಿಜವಾಗಿಯೂ ಆಸ್ಪತ್ರೆಗಳಲ್ಲಿ ಬಳಸುತ್ತಾರೆ. ನಮ್ಮೂರಲ್ಲಿ ಮೊದಲು ಬರುವ ಹೆಸರು ಮಂಗ, ಎರಡನೆಯದು ಹಂದಿ. ತೋಟ ಇದ್ದವರಿಗೆ ಕಾರಣ ಹೇಳಬೇಕಿಲ್ಲ. ಮಂಪರಿನಲ್ಲಿರುವವರು ಐದಾರು ಹೆಸರಿಗೇ ನಿಲ್ಲುತ್ತಾರೆ, ಇಲ್ಲವೇ ಮಂಗಕ್ಕೇ ಮತ್ತೆ ಮತ್ತೆ ಬರುತ್ತಾರೆ. ಮನೆಯಲ್ಲಿ ಇಷ್ಟೂ ಬೇಡ. ದಿನಾ ಒಂದೇ ಸಾಲು, ಹೆಸರು ಮತ್ತು ತಾರೀಖು, ಒಂದೇ ಪುಸ್ತಕದಲ್ಲಿ ಬರೆಸಿ. ಓದು ಬರಹ ಇಲ್ಲದವರಾದರೆ ಒಂದು ನಕ್ಷತ್ರ ಬಿಡಿಸಲಿ. ಈ ಹಂತದಲ್ಲೇ ಬೈಕಿನ ಕೀಲಿ ತೆಗೆದಿಡಿ. ನೋಡಲು ಸರಿ ಇದ್ದಾರೆ ಅನ್ನಿಸಿದರೂ ಘಟ್ಟದ ತಿರುವಿನಲ್ಲಿ ಬ್ರೇಕ್ ಹಿಡಿಯಲು ತಡವಾಗುತ್ತದೆ.

ಆ ರಾತ್ರಿಯ ನಿದ್ರೆ ಅಂದೆನಲ್ಲ, ಅದರಲ್ಲಿ ನಾನೇ ಮಾಡಿದ ತಪ್ಪೊಂದಿದೆ. ಪ್ರಾಕ್ಟೀಸ್ ಶುರು ಮಾಡಿದ ಹೊಸದರಲ್ಲಿ ಕುಮಟಾ ಕಡೆಯ ಒಬ್ಬರ ಮಗ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ. ತಾಯಿಗೆ ಕರುಳಿನ ಕ್ಯಾನ್ಸರ್, ಲಿವರ್ ತುಂಬ ಹರಡಿತ್ತು. “ಆಯಿ ಮೂರು ರಾತ್ರಿಯಿಂದ ಮಲಗಲಿಲ್ಲ, ನಮಗೂ ನಿದ್ದೆ ಇಲ್ಲ” ಅಂದ. ನಾನು ಅರ್ಧ ನಿದ್ರೆಯಲ್ಲಿದ್ದೆ. ಹಗಲು ಏನು ಮಾಡುತ್ತಾರೆ ಅಂತ ಕೇಳಲಿಲ್ಲ. ಹೊರಕಡೆಗೆ ಹೋದರಾ ಅಂತಲೂ ಕೇಳಲಿಲ್ಲ. ಮನೆಯಲ್ಲಿ ಆಲ್ಪ್ರಜೋಲಾಂ ಇದೆಯಾ, ಒಂದು ಕೊಡು ಅಂದೆ. ಬೆಳಿಗ್ಗೆ ಅವರು ಏಳಲಿಲ್ಲ. ಆಸ್ಪತ್ರೆಯಲ್ಲಿ ಎನಿಮಾ ಕೊಟ್ಟು, ಮೂಗಿನ ನಳಿಕೆಯಲ್ಲಿ ಔಷಧಿ ಹಾಕಿ, ಎರಡು ದಿನ ಬಿಟ್ಟು ಕಣ್ಣು ತೆರೆದರು. ತೆರೆದ ಮೇಲೆ ನನಗೆ “ತಮಾ, ಚಾ ಕುಡಿದ್ಯಾ?” ಅಂದರು. ಆ ಹುಡುಗನಿಗೆ ತಪ್ಪು ನನ್ನದು ಅಂತ ನಾನು ಹೇಳಿದ್ದು ವಾರದ ಮೇಲೆ. ಲಿವರ್ ಕಾಯಿಲೆಯವರಿಗೆ ನಿದ್ರೆ ಮಾತ್ರೆ ನಿಮ್ಮಷ್ಟಕ್ಕೆ ಕೊಡಬೇಡಿ. ಫೋನಿನಲ್ಲಿ ಡಾಕ್ಟರು ಹೇಳಿದರೂ “ಇವರಿಗೆ ಲಿವರ್ ಉಂಟು” ಅಂತ ನೆನಪಿಸಿ.

ಸಾಮಾನ್ಯವಾಗಿ ಮಂಪರು ತಾನಾಗಿ ಬರುವುದಿಲ್ಲ, ಏನೋ ಒಂದು ಎಳೆದು ತರುತ್ತದೆ. ಮಲಬದ್ಧತೆ ಬಹಳ ದೊಡ್ಡ ಕಾರಣ. ಕ್ಯಾನ್ಸರ್ ನೋವಿಗೆ ಮಾರ್ಫಿನ್ ಕೊಡುತ್ತೇವೆ, ಅದು ಕರುಳನ್ನು ಮಲಗಿಸುತ್ತದೆ. ಮಲ ಒಳಗೇ ಕೂತಷ್ಟೂ ಕೊಟ್ಟಿಗೆ ತೊಳೆಯದೇ ಬಿಟ್ಟ ಹಾಗೆ. ಹಾಗಂತ ಹೆದರಿ ಮಾರ್ಫಿನ್ ನಿಲ್ಲಿಸಬೇಡಿ. ನೋವಿನಲ್ಲಿ ನರಳಿಸುವುದು ಯಾವ ಶಾಸ್ತ್ರವೂ ಅಲ್ಲ. ಡೋಸು ಕಡಿಮೆ ಮಾಡುವುದೋ, ಬೇರೆ ಮಾತ್ರೆಗೆ ಬದಲಿಸುವುದೋ ಡಾಕ್ಟರ ಕೆಲಸ. ಮಲ ಸಡಿಲಿಸುವ ಔಷಧಿ ಜೊತೆಗೆ ಇದೆಯೇ ಅಂತ ನೋಡುವುದು ನಿಮ್ಮದು. ಸೋಂಕು ಇನ್ನೊಂದು ಕಾರಣ. ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ಆ ನೀರಿನಲ್ಲೇ ಸೋಂಕು ಆಗಬಹುದು, ಜ್ವರ ಇಲ್ಲದೆಯೂ. ಮಲ ಟಾರಿನ ಹಾಗೆ ಕಪ್ಪಾದರೆ ಒಳಗೆ ರಕ್ತ ಸೋರುತ್ತಿದೆ, ರಕ್ತವೂ ಪ್ರೋಟೀನೇ, ಅಮೋನಿಯಾ ಏರುತ್ತದೆ. ಆಗ ಕಾಯಬೇಡಿ, ರಾತ್ರಿಯಾದರೂ ಹೊರಡಿ. ಊತ ಇಳಿಸಲು ಕೊಡುವ ಮೂತ್ರದ ಮಾತ್ರೆ ಹೆಚ್ಚಾದರೂ ಹೀಗಾಗುತ್ತದೆ, ಪೊಟ್ಯಾಸಿಯಂ ಇಳಿದರೂ ಆಗುತ್ತದೆ.

ಔಷಧಿ ಅಂದರೆ ಮುಖ್ಯವಾಗಿ ಲ್ಯಾಕ್ಟುಲೋಸ್. ಸಿಹಿ ಪಾಕದಂಥದ್ದು, 1966ರಿಂದ ಈ ತೊಂದರೆಗೆ ಬಳಕೆಯಲ್ಲಿದೆ. ಅದು ರಕ್ತಕ್ಕೆ ಸೇರುವುದಿಲ್ಲ, ದೊಡ್ಡ ಕರುಳಿಗೆ ಹೋಗಿ ಹುಳಿಯಾಗುತ್ತದೆ. ಹುಳಿಯಲ್ಲಿ ಅಮೋನಿಯಾ ರೂಪ ಬದಲಿಸಿ ಅಲ್ಲೇ ಸಿಕ್ಕಿಬೀಳುತ್ತದೆ, ಮಲದ ಜೊತೆ ಹೊರಗೆ ಹೋಗುತ್ತದೆ. ಎಷ್ಟು ಎಂಎಲ್ ಅನ್ನುವುದಕ್ಕಿಂತ ದಿನಕ್ಕೆ ಎರಡರಿಂದ ಮೂರು ಸಲ ಮೆತ್ತಗೆ ಆಗಬೇಕು ಅನ್ನುವುದೇ ಅಳತೆ. ಆರೇಳು ಸಲ ನೀರಾಗಿ ಹೋದರೆ ಅದೂ ತಪ್ಪು, ದೇಹ ಒಣಗಿ ಮತ್ತೆ ಮಂಪರು ಬರುತ್ತದೆ. ಪದೇ ಪದೇ ಬರುವವರಿಗೆ ರಿಫಾಕ್ಸಿಮಿನ್ ಮಾತ್ರೆ ಸೇರಿಸುತ್ತೇವೆ, ಅದಕ್ಕೆ ದುಡ್ಡು ಜಾಸ್ತಿ.

ಲ್ಯಾಕ್ಟುಲೋಸಿಗೆ ದೊಡ್ಡ ಶತ್ರು ಯಾರು ಗೊತ್ತೇ? ಬಸ್ಸು. ನಗಬೇಡಿ. ಇಲ್ಲಿಂದ ಹುಬ್ಬಳ್ಳಿ ಸುಮಾರು 100 ಕಿಲೋಮೀಟರ್. ಕಾರವಾರದವರು ಗೋವಾ ಕಡೆ ಹೋಗುತ್ತಾರೆ, ಹೊನ್ನಾವರ, ಭಟ್ಕಳದವರು ಮಣಿಪಾಲದ ಕಡೆ. ಸ್ಕ್ಯಾನಿಂಗಿಗೋ ಕಿಮೋಗೋ ಹೊರಡುವ ಮುಂಚೆ, ದಾರಿಯಲ್ಲಿ ಅವಸರವಾದರೆ ಏನು ಮಾಡುವುದು ಅಂತ ಮೂರು ದಿನ ಮೊದಲೇ ಔಷಧಿ ನಿಲ್ಲಿಸುತ್ತಾರೆ. ಮುಟ್ಟುವ ಹೊತ್ತಿಗೆ ರೋಗಿಗೆ ತನ್ನ ಊರು ಯಾವುದು ಅಂತ ನೆನಪಿರುವುದಿಲ್ಲ. ಅಲ್ಲಿಯವರು ಹೊಸಬರು, ಇದು ಕ್ಯಾನ್ಸರ್ ತಲೆಗೆ ಹೋದದ್ದಿರಬಹುದು ಅಂತ ಮಿದುಳಿನ ಸ್ಕ್ಯಾನ್ ಬರೆಯುತ್ತಾರೆ. ಅವರ ತಪ್ಪೂ ಅಲ್ಲ. ಹೊರಡುವ ದಿನ ಬೆಳಗಿನ ಡೋಸನ್ನು ಒಂದೆರಡು ಗಂಟೆ ಹಿಂದೆ ಮುಂದೆ ಮಾಡಿ, ಪೂರ್ತಿ ಬಿಡಬೇಡಿ. ಇನ್ನೊಂದು, ಮಳೆಗಾಲಕ್ಕೆ ಮನೆಯಲ್ಲಿ ಒಂದು ಬಾಟಲಿ ಹೆಚ್ಚಿಗೆ ಇರಲಿ. 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಎಷ್ಟು ದಿನ ಬಂದಾಗಿತ್ತು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಹಾಲಿನ ಪುಸ್ತಕದ ಆ ತಾಯಿ ಇದಕ್ಕೂ ಒಂದು ದಾರಿ ಕಂಡುಕೊಂಡಿದ್ದರು. ಅದೇ ಪುಸ್ತಕದ ಬಲಗಡೆ ಅಂಚಿನಲ್ಲಿ ಇನ್ನೊಂದು ಗೆರೆ ಎಳೆದು, ಹಾಲು 6 ಲೀಟರ್ ಅಂತ ಇದ್ದಲ್ಲಿ ಪಕ್ಕಕ್ಕೆ “2 ಸಲ”, “3 ಸಲ” ಅಂತ ಬರೆಯುತ್ತಿದ್ದರು. ಡೇರಿಯ ಹುಡುಗ ಅದೇನು ಅಂತ ಕೇಳಿದನಂತೆ. “ಅದು ನಮ್ಮನೆ ಲೆಕ್ಕ” ಅಂದರಂತೆ.

ಊಟದ ಮಾತಿಗೆ ಬಂದರೆ ನಾನು ಸ್ವಲ್ಪ ಜಗಳವಾಡಬೇಕಾಗುತ್ತದೆ. ಕಾಮಾಲೆ ಅಂದ ಕೂಡಲೇ ನಮ್ಮಲ್ಲಿ ಪಥ್ಯ. ಎಣ್ಣೆ ಬೇಡ, ಬೇಳೆ ಬೇಡ, ಕರಾವಳಿಯಲ್ಲಾದರೆ ಮೀನು ಮುಟ್ಟಬೇಡ. ಬರೀ ಗಂಜಿ, ಉಪ್ಪಿನಕಾಯಿಯ ನೀರು. ಕಾಮಾಲೆಗೆ ನಾಟಿ ಔಷಧಿ ಕೊಡುವವರ ಮೇಲೆ ನನಗೆ ಸಿಟ್ಟಿಲ್ಲ. ಹೆಪಟೈಟಿಸ್ ಎ ಬಹುಪಾಲು ತಾನಾಗಿಯೇ ವಾಸಿಯಾಗುತ್ತದೆ, ಹೆಸರು ಅವರಿಗೆ ಬರುತ್ತದೆ, ಬರಲಿ. ಆದರೆ ಕ್ಯಾನ್ಸರ್ ಇರುವವರ ಕಾಮಾಲೆ ಆ ಜಾತಿಯದ್ದಲ್ಲ. ಭೇದಿ ಮಾಡಿಸುವ ಔಷಧಿ ಕುಡಿಸಿ ಎರಡು ವಾರ ಗಂಜಿಯಲ್ಲಿಟ್ಟರೆ ಮೈಯ ಮಾಂಸ ಕರಗುತ್ತದೆ. ಮಾಂಸಖಂಡವೂ ಅಮೋನಿಯಾ ಹೀರಿಕೊಳ್ಳುತ್ತದೆ, ಲಿವರ್ ಸೋತಾಗ ಅದೇ ಎರಡನೆಯ ಲಿವರ್. ಅದನ್ನೂ ಕರಗಿಸಿದರೆ ಉಳಿಯುವುದೇನು? ನಾವು ಡಾಕ್ಟರುಗಳೂ ಒಂದು ಕಾಲದಲ್ಲಿ ಪ್ರೋಟೀನ್ ನಿಲ್ಲಿಸಿ ಅನ್ನುತ್ತಿದ್ದೆವು, ನಾನೂ ಬರೆದುಕೊಟ್ಟಿದ್ದೇನೆ. ಈಗ ಹಾಗಿಲ್ಲ. ಕಿಲೋ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. 50 ಕಿಲೋ ಇರುವವರಿಗೆ 60ರಿಂದ 75 ಗ್ರಾಂ. ಹೆಸರುಕಾಳು, ಹುರುಳಿ ಸಾರು, ಮಜ್ಜಿಗೆ, ಮೊಸರು ಚೆನ್ನಾಗಿ ಒಗ್ಗುತ್ತವೆ. ತಂಬುಳಿ ದಿನಾ ಮಾಡಿ, ಉಪ್ಪು ಕಡಿಮೆ ಇರಲಿ. ಮೀನೂ ಆಗಬಹುದು. ಬೆಳಚು, ಕಲ್ವದಂಥ ಚಿಪ್ಪಿನ ಮೀನು ಮಾತ್ರ ಚೆನ್ನಾಗಿ ಬೇಯಬೇಕು, ಅರೆಬೆಂದದ್ದರಲ್ಲಿ ಇಂಥವರಿಗೆ ಜೀವ ತೆಗೆಯುವ ಸೋಂಕು ಬರಬಹುದು. ಹೊಟ್ಟೆ ಖಾಲಿ ಬಿಡಬೇಡಿ. ರಾತ್ರಿ ಮಲಗುವಾಗ ಒಂದು ಲೋಟ ಹಾಲು, ಒಂದು ಹಿಡಿ ಅವಲಕ್ಕಿ. ಏಕಾದಶಿ, ಸಂಕಷ್ಟಿ ಉಪವಾಸ ಅವರ ಬದಲು ನೀವು ಮಾಡಿ.

ಎಲ್ಲ ಗೊಂದಲವೂ ಲಿವರಿನದ್ದೇ ಅಂತ ನಾನು ಹೇಳುತ್ತಿಲ್ಲ. ಸಕ್ಕರೆ ಇಳಿದಿರಬಹುದು, ಗ್ಲುಕೋಮೀಟರ್ ಇದ್ದರೆ ಮೊದಲು ಬೆರಳು ಚುಚ್ಚಿ ನೋಡಿ. ಸೋಡಿಯಂ ಇಳಿದಿರಬಹುದು, ಕ್ಯಾಲ್ಸಿಯಂ ಏರಿರಬಹುದು. ಶ್ವಾಸಕೋಶ, ಸ್ತನದ ಕ್ಯಾನ್ಸರ್ ಮಿದುಳಿಗೂ ಹೋಗುತ್ತದೆ. ಒಂದೇ ಕಡೆಯ ಕೈಕಾಲು ಸೋತರೆ, ಫಿಟ್ಸ್ ಬಂದರೆ, ವಿಪರೀತ ತಲೆನೋವು ವಾಂತಿ ಇದ್ದರೆ ಸ್ಕ್ಯಾನ್ ಬೇಕೇ ಬೇಕು. ಅಮೋನಿಯಾ ಪರೀಕ್ಷೆ ಒಂದರ ಮೇಲೆ ನಂಬಿಕೆ ಇಡಬೇಡಿ. ರಕ್ತವನ್ನು ಮಂಜುಗಡ್ಡೆಯಲ್ಲಿಟ್ಟು ತಕ್ಷಣ ಲ್ಯಾಬಿಗೆ ಒಯ್ಯದಿದ್ದರೆ ಸಂಖ್ಯೆ ಸುಳ್ಳೇ ಏರುತ್ತದೆ.

ಮಂಪರು ಇಳಿಸಿದರೆ ಏನು ಲಾಭ, ಕ್ಯಾನ್ಸರ್ ಇದ್ದೇ ಇದೆಯಲ್ಲ ಅಂತ ಕೇಳುವವರಿದ್ದಾರೆ. ಲಿವರ್ ಎಷ್ಟು ತಡೆದೀತು ಅಂತ ಅಳೆಯುವ ಚೈಲ್ಡ್-ಪ್ಯೂ ಲೆಕ್ಕದಲ್ಲಿ ಐದು ಅಂಶಗಳಿವೆ, ಒಂದು ಈ ಮಂಪರೇ. ಅದು ಹತೋಟಿಗೆ ಬಂದರೆ ಆಗುವುದಿಲ್ಲ ಅಂದಿದ್ದ ಚಿಕಿತ್ಸೆ ಕೆಲವರಿಗೆ ಆಗುತ್ತದೆ. ಹಾಲಿನ ಪುಸ್ತಕದವರಿಗೆ ಹಾಗೆ ಆಯಿತು. ಗಡ್ಡೆಗೆ ಹೋಗುವ ರಕ್ತನಾಳದಲ್ಲಿ ಔಷಧಿ ಬಿಟ್ಟು ಮುಚ್ಚುವ ಚಿಕಿತ್ಸೆ ಸಿಕ್ಕಿತು, ಮುಂದಿನ ಅಡಿಕೆ ಕೊನೆಕೊಯ್ಲನ್ನು ಅಂಗಳದಲ್ಲಿ ಕೂತು ನೋಡಿದರು, ಕೂಲಿ ಲೆಕ್ಕ ಅವರೇ ಬರೆದರು. ಅದರ ಮುಂದಿನ ವರ್ಷ ಹೋದರು. ಕೊನೆಯ ವಾರದ ಮಂಪರಿಗೆ ಲ್ಯಾಕ್ಟುಲೋಸ್ ಬಗ್ಗಲಿಲ್ಲ. ಲಿವರ್ ಪೂರ್ತಿ ಮುಗಿದಾಗ ಹಾಗೆಯೇ. ಆಗ ಆಸ್ಪತ್ರೆಯಿಂದ ಆಸ್ಪತ್ರೆಗೆ ಓಡಿಸುವುದನ್ನು ನಾನು ಹೇಳುವುದಿಲ್ಲ. ಆದರೆ ತೋಟದ ಪಾಲು, ಸೊಸೈಟಿ ಖಾತೆ, ಕೊನೆಗಾಲದಲ್ಲಿ ಮನೆಯಲ್ಲೇ ಇರಬೇಕೋ ಆಸ್ಪತ್ರೆಯಲ್ಲೋ ಅನ್ನುವುದನ್ನೆಲ್ಲ ತಲೆ ತಿಳಿಯಾಗಿರುವ ದಿನ ಅವರ ಬಾಯಿಂದಲೇ ಕೇಳಿಕೊಳ್ಳಿ. ಮಂಪರಿನಲ್ಲಿ ಹಾಕಿಸಿದ ಸಹಿಯಿಂದ ಮುಂದೆ ಅಣ್ಣತಮ್ಮಂದಿರು ಮಾತು ಬಿಟ್ಟದ್ದನ್ನು ನೋಡಿದ್ದೇನೆ.

(ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಯುವತಿ ಕೇಳಿದ ಪ್ರಶ್ನೆ: “ಅಪ್ಪ ನನಗೆ ಯಾವತ್ತೂ ಬೈದವರಲ್ಲ. ಹೋದ ತಿಂಗಳು ಎಲ್ಲರ ಎದುರು ಬಾಯಿಗೆ ಬಂದ ಹಾಗೆ ಬೈದರು. ಅದು ಅವರ ಮನಸ್ಸಿನಲ್ಲಿ ಇದ್ದದ್ದೇನಾ?”)

ಇಲ್ಲ ಮಗಾ. ಆವತ್ತು ಹೊರಕಡೆಗೆ ಹೋಗಿದ್ದರಾ? ನಾಲ್ಕು ದಿನದಿಂದ ಇಲ್ಲ ಅಂತೀಯಾ? ಮತ್ತೆ? ಆಮೇಲೆ ಸರಿಯಾದಾಗ ಅವರಿಗೆ ಬೈದದ್ದು ನೆನಪೇ ಇರಲಿಲ್ಲ ಅಲ್ವಾ. ಅದನ್ನು ಅವರಿಗೆ ನೆನಪಿಸಲಿಕ್ಕೆ ಹೋಗಬೇಡ. ಇನ್ನೊಂದು ಸಲ ಹಾಗಾದರೆ ಎದುರು ವಾದ ಮಾಡಬೇಡ, ದೀಪ ಹಾಕು, ನಾನು ನಿಮ್ಮ ಮಗಳು, ಇವತ್ತು ಇಂಥ ವಾರ ಅಂತ ನಿಧಾನಕ್ಕೆ ಹೇಳು, ಗ್ಯಾಸ್ ಒಲೆ ಹತ್ತಿರ ಬಿಡಬೇಡ. ನುಂಗಲು ಬರುವಷ್ಟು ಎಚ್ಚರ ಇದ್ದರೆ ಔಷಧಿ ಕೊಡು, ಇಲ್ಲದಿದ್ದರೆ ಬಾಯಿಗೆ ಏನೂ ಹಾಕದೆ ಮಗ್ಗುಲಿಗೆ ಮಲಗಿಸಿ ಗಾಡಿ ಕರೆಸು. ಈಗ ಹೇಗಿದ್ದಾರೆ? ನಾಳೆ ಬರುವಾಗ ಅವರ ಕೈಯಲ್ಲಿ ಒಂದು ಸಾಲು ಬರೆಸಿಕೊಂಡು ಬಾ.